ಸ್ಲೊವೇನಿಯಾದ ಶಾಲೆಯ ಜತೆ ಜಂಟಿ ಕೆಲಸ: ಬರೀ ವಿಡಿಯೊ ಕರೆಯಾಗದಂತೆ ಏನು ಮಾಡಲಿ?

ಪ್ರಶ್ನೆ: ಇಳಕಲ್ ಸೀಮೆಯ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ಇಳಕಲ್ ಹತ್ತಿರದ ಒಂದು ಸರಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಒಂಬತ್ತನೆಯ ತರಗತಿಯಲ್ಲಿ 38 ಮಕ್ಕಳಿದ್ದಾರೆ. ಅರ್ಧದಷ್ಟು ಮಕ್ಕಳು ಮಗ್ಗದ ಸದ್ದು ಕೇಳುತ್ತಲೇ ಎದ್ದು ಶಾಲೆಗೆ ಬರುವವರು.

ನನ್ನ ಜತೆ ಬಿ.ಎಡ್ ಮಾಡಿದ ಗೆಳತಿಯೊಬ್ಬಳು ಈಗ ಸ್ಲೊವೇನಿಯಾದ ಇದ್ರಿಯಾ ಎಂಬ ಊರಿನಲ್ಲಿದ್ದಾಳೆ. ಒಂದು ಕಾಲಕ್ಕೆ ಪಾದರಸದ ಗಣಿಗೆ ಹೆಸರಾದ ಊರು. ಕೈಯಲ್ಲಿ ಹೆಣೆಯುವ ಲೇಸಿಗೆ ಇಂದಿಗೂ ಹೆಸರುವಾಸಿ. ಲೇಸು ಕಲಿಸಲೆಂದೇ 1876ರಲ್ಲಿ ತೆರೆದ ಶಾಲೆ ಅಲ್ಲಿ ಈಗಲೂ ನಡೆಯುತ್ತಿದೆ. ಗೆಳತಿಯ ಮಗ ಓದುವ ಶಾಲೆಯವರು ನಮ್ಮ ಮಕ್ಕಳೊಂದಿಗೆ ಏನಾದರೂ ಮಾಡೋಣ ಎನ್ನುತ್ತಿದ್ದಾರೆ. ಅವರು ನೂಲಿನವರು, ನಾವೂ ನೂಲಿನವರು ಎಂದು ನಾನು ಹಿಗ್ಗಿ ಒಪ್ಪಿಕೊಂಡೆ. ಈಗ ಹೆದರಿಕೆಯಾಗುತ್ತಿದೆ.

ಏಕೆಂದರೆ ಕಳೆದ ವರ್ಷ ಇಂಥದ್ದೇ ಒಂದು ಆಗಿತ್ತು. ಒಂದು ಸಂಸ್ಥೆಯವರು ಬೇರೊಂದು ದೇಶದ ಶಾಲೆಯೊಂದಿಗೆ ನಲವತ್ತು ನಿಮಿಷದ ವಿಡಿಯೊ ಕರೆ ಏರ್ಪಡಿಸಿದರು. ಮೊದಲ ಹದಿನೈದು ನಿಮಿಷ "ಕೇಳಿಸುತ್ತಿದೆಯೇ?" ಎನ್ನುವುದರಲ್ಲಿ ಹೋಯಿತು. ನಮ್ಮವರು ನಾಡಗೀತೆ ಹಾಡಿದರು, ಅವರು ಒಂದು ಕೇಕು ತೋರಿಸಿದರು. ತಲೆಗೆ 150 ರೂಪಾಯಿ ಕೊಟ್ಟು ಪ್ರಮಾಣಪತ್ರ ತೆಗೆದುಕೊಂಡೆವು. ಮರುದಿನ "ಏನು ಕಲಿತಿರಿ?" ಎಂದು ಕೇಳಿದರೆ ಒಬ್ಬ ಹುಡುಗ ಬಹಳ ಯೋಚಿಸಿ, "ಅವರ ಗೋಡೆಯ ಬಣ್ಣ ಚೆನ್ನಾಗಿದೆ ಟೀಚರ್" ಎಂದ. ಅವನಷ್ಟು ಪ್ರಾಮಾಣಿಕವಾಗಿ ಮತ್ಯಾರೂ ಉತ್ತರಿಸಲಿಲ್ಲ.

ಈ ಸಲ ಮಕ್ಕಳ ಕೈಗೆ ಕೆಲಸ ಬೇಕು. ಮಗ್ಗದ್ದೇ ಏನಾದರೂ ಮಾಡೋಣ ಎಂದದ್ದಕ್ಕೆ ಒಬ್ಬ ಹುಡುಗಿ, "ಮನೆಯಲ್ಲೂ ಇದೇ, ಶಾಲೆಯಲ್ಲೂ ಇದೇಯಾ?" ಎಂದು ಮುಖ ಗಂಟು ಹಾಕಿದಳು. ಇನ್ನು ಕೆಲವರಿಗೆ ಬಿಳಿಜೋಳದ ಬೀಜ ಕಳುಹಿಸಿ ಅಲ್ಲಿ ಬೆಳೆಸುವ ಆಸೆ. ಆ ಶಾಲೆಯವರು ನಮಗಾಗಿ ಸ್ವಲ್ಪ ಹಣವನ್ನೂ ಕೂಡಿಸುತ್ತೇವೆ ಎನ್ನುತ್ತಿದ್ದಾರೆ. ನಮ್ಮಲ್ಲಿರುವುದು ಒಂದು ಪ್ರೊಜೆಕ್ಟರ್, ನನ್ನ ಮೊಬೈಲ್, ಮತ್ತು ದೊಡ್ಡ ಅಂಗಳ. ಮಾಡಿ ಅನುಭವ ಇದ್ದವರು ಹೇಳಿ.

ಉತ್ತರ: ನಿವೃತ್ತ ಗಣಿತ ಮಾಸ್ತರು, ವಿಜಯಪುರ

ಅಕ್ಕನವರೆ, ಅಂಗಳ ದೊಡ್ಡದಿದೆ ಎಂದಿರಲ್ಲ, ಅಷ್ಟು ಸಾಕು. ಒಂದು ಮೀಟರ್ ಉದ್ದದ ಕೋಲು ನೆಡಿ.

ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಭೂಮಿಯ ಸುತ್ತಳತೆ ತಿಳಿಯಲು ಗ್ರೀಕ್ ವಿದ್ವಾಂಸ ಎರಟೋಸ್ತನೀಸ್ ಮಾಡಿದ ಲೆಕ್ಕ ನಿಮಗೆ ಗೊತ್ತೇ ಇರುತ್ತದೆ. ಈಜಿಪ್ಟಿನ ಸೈಯೀನ್‌ನಲ್ಲಿ ಸೂರ್ಯ ನೆತ್ತಿಯ ಮೇಲಿದ್ದಾಗ ಅದರ ಉತ್ತರದ ಅಲೆಕ್ಸಾಂಡ್ರಿಯಾದಲ್ಲಿ ನೆರಳಿನ ಕೋನ 7.2 ಡಿಗ್ರಿ, ಅಂದರೆ ವೃತ್ತದ ಐವತ್ತರಲ್ಲಿ ಒಂದು ಪಾಲು. ಎರಡೂ ಊರುಗಳ ನಡುವೆ 5,000 ಸ್ಟೇಡಿಯ (ಅಂದಿನ ಗ್ರೀಕರ ದೂರದ ಅಳತೆ). ಐವತ್ತರಿಂದ ಗುಣಿಸಿದರೆ ಭೂಮಿಯ ಸುತ್ತಳತೆ. ಇದನ್ನು ಶಾಲೆಗಳು ಜೋಡಿಯಾಗಿ ಮಾಡುತ್ತವೆ. ಇದರ ಸೊಗಸು ಏನೆಂದರೆ, ಒಂದೇ ಊರಿನ ನೆರಳಿನಿಂದ ಲೆಕ್ಕ ಮುಗಿಯುವುದಿಲ್ಲ. ಆಚೆಯವರ ಅಂಕಿ ಬರುವವರೆಗೆ ನಿಮ್ಮ ಮಕ್ಕಳು ಕಾಯಲೇಬೇಕು. ಹಾಡು, ಕೇಕುಗಳಿಗೆ ಆ ಕಾಯುವಿಕೆ ಇಲ್ಲ.

ನಿಮ್ಮ ಜೋಡಿಯ ಅದೃಷ್ಟ ನೋಡಿ ನನಗೆ ಹೊಟ್ಟೆಕಿಚ್ಚಾಯಿತು. ಇಳಕಲ್ ಸುಮಾರು 16 ಡಿಗ್ರಿ ಉತ್ತರ ಅಕ್ಷಾಂಶ, ಇದ್ರಿಯಾ 46. ವ್ಯತ್ಯಾಸ 30, ನಡುಹಗಲಿನ ನೆರಳಿನ ಕೋನಗಳ ವ್ಯತ್ಯಾಸವೂ ಅಷ್ಟೇ. ವೃತ್ತದ ಸರಿಯಾಗಿ ಹನ್ನೆರಡನೆಯ ಒಂದು ಪಾಲು! ಭಾಗಾಕಾರಕ್ಕೆ ಹೆದರುವ ಮಕ್ಕಳೂ ಹನ್ನೆರಡರ ಮಗ್ಗಿ ಹೇಳಿ ಭೂಮಿಯನ್ನು ಸುತ್ತಿ ಬರಬಹುದು.

ಎಲ್ಲರೂ ಇದನ್ನು ಹಗಲು ರಾತ್ರಿ ಸಮವಾಗುವ ದಿನವೇ ಮಾಡಬೇಕೆನ್ನುತ್ತಾರೆ. ನಂಬಬೇಡಿ. ಮಾರ್ಚ್‌ನಲ್ಲಿ ನಿಮಗೆ ಪರೀಕ್ಷೆಗಳ ಗಡಿಬಿಡಿ, ಸೆಪ್ಟೆಂಬರ್‌ನಲ್ಲಿ ಮೋಡ. ಸೂರ್ಯ ನಿಮ್ಮ ನೆತ್ತಿಗಿಂತ ಉತ್ತರಕ್ಕೆ ಸರಿಯುವ ಮೇ ಮೊದಲ ವಾರದಿಂದ ಆಗಸ್ಟ್ ಮೊದಲ ವಾರದವರೆಗಿನ ದಿನಗಳನ್ನು ಬಿಟ್ಟರೆ, ಎರಡೂ ಕಡೆ ಒಂದೇ ದಿನ ಅಳೆದರೆ ಯಾವ ದಿನವಾದರೂ ಕೋನಗಳ ವ್ಯತ್ಯಾಸ ಅಷ್ಟೇ ಇರುತ್ತದೆ. ನಾನಾಗಿದ್ದರೆ ಫೆಬ್ರುವರಿ 28, ರಾಷ್ಟ್ರೀಯ ವಿಜ್ಞಾನ ದಿನವನ್ನು ಹಿಡಿಯುತ್ತಿದ್ದೆ. ಹೇಗೂ ಮೇಲಿನಿಂದ ವರದಿ ಕೇಳುತ್ತಾರೆ. ಅಂದು ನಿಮ್ಮ ನೆರಳು 44 ಸೆಂಟಿಮೀಟರ್ ಆಸುಪಾಸು, ಅವರದು 137ರ ಹತ್ತಿರ ಬರಬೇಕು. ಮಕ್ಕಳಿಗೆ ಈ ಅಂಕಿಗಳನ್ನು ಮೊದಲೇ ಹೇಳಬೇಡಿ. ಹೇಳಿದರೆ ಎಲ್ಲರಿಗೂ 44 ಬರುತ್ತದೆ, ಮೂವತ್ತು ವರ್ಷ ಪ್ರಯೋಗಾಲಯದ ದಾಖಲೆ ಪುಸ್ತಕ ನೋಡಿದವನು ನಾನು.

ಗಡಿಯಾರದ ಹನ್ನೆರಡು ಗಂಟೆಗೆ ಅಳೆಯಬೇಡಿ. ನಮ್ಮ ದೇಶದ ಸಮಯ 82.5 ಡಿಗ್ರಿ ರೇಖಾಂಶದ್ದು, ನೀವು 76ರಲ್ಲಿದ್ದೀರಿ. ಅಂದು ನಿಮ್ಮ ನಿಜವಾದ ನಡುಹಗಲು 12 ಗಂಟೆ 38 ನಿಮಿಷಕ್ಕೆ. 12.20ರಿಂದ 12.55ರವರೆಗೆ ಎರಡೆರಡು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಸೀಮೆಸುಣ್ಣದ ಚುಕ್ಕೆ ಇಡಿಸಿ, ಎಲ್ಲಕ್ಕಿಂತ ಗಿಡ್ಡದನ್ನು ತೆಗೆದುಕೊಳ್ಳಿ. ಕೋಲು ನೆಟ್ಟಗಿದೆಯೇ ಎಂದು ನೋಡಲು ಗೌಂಡಿಯೊಬ್ಬರಿಂದ ಓಳಂಬ ಎರವಲು ತನ್ನಿ. ತ್ರಿಕೋನಮಿತಿ ಇರುವುದು ಹತ್ತನೆಯ ತರಗತಿಗೆ, ಆದ್ದರಿಂದ ಕಾಗದದ ಮೇಲೆ ಕೋಲಿಗೆ 10 ಸೆಂಟಿಮೀಟರ್, ನೆರಳನ್ನೂ ಹತ್ತರಿಂದ ಭಾಗಿಸಿ ತ್ರಿಕೋನ ಬರೆಯಿಸಿ, ಕೋಲಿನ ತುದಿಯ ಕೋನವನ್ನು ಕೋನಮಾಪಕದಲ್ಲಿ ಓದಿಸಿ.

ದೂರದ ವಿಷಯದಲ್ಲಿ ನಾನು ಮುಗ್ಗರಿಸಿದ್ದೆ. ಗ್ರೀಸಿನ ಒಂದು ಶಾಲೆಯೊಂದಿಗೆ ಮಾಡಿದಾಗ ಮೊಬೈಲ್ ತೋರಿಸಿದ ಊರಿಂದ ಊರಿಗೆ ನೇರ ದೂರವನ್ನೇ ತೆಗೆದುಕೊಂಡೆವು. ನಮ್ಮ ಭೂಮಿ ಇರುವುದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ದಪ್ಪಗಾಯಿತು, ಗ್ರೀಕ್ ಮಕ್ಕಳು ಸಭ್ಯತೆಯಿಂದ ಸುಮ್ಮನಿದ್ದರು. ನಿಮ್ಮಲ್ಲೂ ಹಾಗೆ ಮಾಡಿದರೆ 6,600 ಕಿಲೋಮೀಟರ್ ಗುಣಿಲೆ 12, ಸುಮಾರು 79,000 ಆಗಿಬಿಡುತ್ತದೆ. ಬೇಕಾದದ್ದು ಉತ್ತರ ದಕ್ಷಿಣ ದೂರ ಮಾತ್ರ. ಅಟ್ಲಾಸಿನಲ್ಲಿ ನಿಮ್ಮ ಅಕ್ಷಾಂಶದಿಂದ ಅವರ ಅಕ್ಷಾಂಶಕ್ಕೆ ನೇರ ಉತ್ತರಕ್ಕೆ ಅಳೆದರೆ 3,340 ಕಿಲೋಮೀಟರ್ ಹತ್ತಿರ ಸಿಗುತ್ತದೆ. ಹನ್ನೆರಡರಿಂದ ಗುಣಿಸಿ. ಧ್ರುವಗಳ ಮೇಲಿನಿಂದ ಹೋಗುವ ನಿಜವಾದ ಸುತ್ತಳತೆ 40,008.

ಚುರುಕಾದ ಮಗುವೊಂದು ಕೇಳಿಯೇ ಕೇಳುತ್ತದೆ: ಅಟ್ಲಾಸು ಮಾಡಿದವರು ಭೂಮಿಯನ್ನು ಮೊದಲೇ ಅಳೆದಿದ್ದರಲ್ಲ, ಇದು ಮೋಸವಲ್ಲವೇ? ಹೌದು, ಸ್ವಲ್ಪ ಮೋಸವೇ ಎಂದು ಒಪ್ಪಿಕೊಳ್ಳಿ. ಆ ದಿನದ ಅತ್ಯುತ್ತಮ ಪಾಠ ಅಲ್ಲಿಂದ ಶುರುವಾಗುತ್ತದೆ.

ಉತ್ತರ: ಸಂಕೇಶ್ವರದ ಪಾಲಕ, ಬೆಳಗಾವಿ ಜಿಲ್ಲೆ

ನನ್ನದೊಂದು ತಕರಾರು. ಗಡಿಯಾಚೆ ಎಂದರೆ ಯುರೋಪೇ ಆಗಬೇಕೇ? ಹಿರಣ್ಯಕೇಶಿ ಹೊಳೆ ಮಹಾರಾಷ್ಟ್ರದ ಆಂಬೋಲಿಯಲ್ಲಿ ಹುಟ್ಟಿ, ಆಜರಾ, ಗಡಹಿಂಗ್ಲಜ ದಾಟಿ ನಮ್ಮ ಸಂಕೇಶ್ವರಕ್ಕೆ ಬರುತ್ತದೆ. ಅಲ್ಲಿಯವರು ಕುಡಿದು ಬಿಟ್ಟದ್ದನ್ನು ನಾವು ಕುಡಿಯುತ್ತೇವೆ. ಆದರೆ ಗಡಹಿಂಗ್ಲಜದ ಮರಾಠಿ ಶಾಲೆಯ ಮಕ್ಕಳ ಮುಖವನ್ನು ನನ್ನ ಮಗಳು ನೋಡಿಲ್ಲ. ಡಬ್ಬಿಯ ಮುಚ್ಚಳಕ್ಕೆ ಕಪ್ಪು ಬಿಳುಪು ಬಣ್ಣ ಬಳಿದು, ಹಗ್ಗ ಕಟ್ಟಿ ನೀರಿಗೆ ಇಳಿಬಿಟ್ಟರೆ ಎಷ್ಟು ಆಳದಲ್ಲಿ ಅದು ಕಾಣದಾಗುತ್ತದೆ ಎಂಬುದರಿಂದ ನೀರಿನ ತಿಳಿ ಗೊತ್ತಾಗುತ್ತದೆ. ಮೇಲಿನ ಊರಿನವರು ಒಂದು ದಿನ, ಕೆಳಗಿನ ಊರಿನವರು ಅದೇ ದಿನ ಅಳೆಯಲಿ. ಪಾಸ್‌ಪೋರ್ಟೂ ಬೇಡ, ಇಂಗ್ಲಿಷೂ ಬೇಡ.

ಉತ್ತರ: ನಿವೃತ್ತ ಗಣಿತ ಮಾಸ್ತರು, ವಿಜಯಪುರ

ಹೊಳೆಯ ಕೆಲಸ ಬಹಳ ಒಳ್ಳೆಯದು, ನೀವೇ ಮುಂದೆ ನಿಂತು ಮಾಡಿಸಿ. ನೆರಳಿಗೆ ಮಾತ್ರ ಹತ್ತಿರದ ನಂಟು ಆಗಿಬರುವುದಿಲ್ಲ. ಬೆಳಗಾವಿ, ಕೊಲ್ಹಾಪುರಗಳ ನಡುವೆ ಒಂದು ಡಿಗ್ರಿಯೂ ಇಲ್ಲ. ಮಾರ್ಚ್ 21ಕ್ಕೆ ಅಳೆದರೆ ಎರಡು ನೆರಳುಗಳ ಅಂತರ ಒಂದೂವರೆ ಸೆಂಟಿಮೀಟರ್ ಚಿಲ್ಲರೆ. ನೆರಳಿನ ಅಂಚಿನ ಮಸುಕೇ ಒಂದು ಸೆಂಟಿಮೀಟರ್ ಇರುತ್ತದೆ.

ಉತ್ತರ: ಮಗ್ಗದ ಮನೆಯ ಸೊಸೆ, ಇಳಕಲ್

ಟೀಚರ್, ಆ ಹುಡುಗಿ ಮುಖ ಗಂಟು ಹಾಕಿದ್ದರಲ್ಲಿ ತಪ್ಪಿಲ್ಲ. ಕೊಂಡಿ ಹಾಕುತ್ತಾ ಕೂತರೆ ಬೆನ್ನು ಏನಾಗುತ್ತದೆ ಎಂಬುದು ನೋಡಲು ಬಂದವರಿಗೆ ತಿಳಿಯುವುದಿಲ್ಲ. ಅವಳಿಂದ ಮಾಡಿಸಬೇಡಿ, ಅವಳನ್ನು ಕಲಿಸುವವಳನ್ನಾಗಿ ಮಾಡಿ. ಮನೆಯಲ್ಲಿ ಅವಳ ಮಾತು ಯಾರು ಕೇಳುತ್ತಾರೆ?

ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಂದರ ಕುಣಿಕೆಯೊಳಗೆ ಇನ್ನೊಂದರ ಕುಣಿಕೆ ಹಾಯಿಸಿ, ಎಳೆ ಎಳೆಯಾಗಿ ಕೂಡಿಸುವುದೇ ಕೊಂಡಿ. ಇದನ್ನು ಮಕ್ಕಳ ಮಟ್ಟಕ್ಕೆ ಹೀಗೆ ತರಬಹುದು. ನೋಟ್‌ಬುಕ್ಕಿನ ರಟ್ಟನ್ನು ಗೇಣಿನಷ್ಟು ಕತ್ತರಿಸಿ, ಮೇಲಂಚಿನಲ್ಲಿ ಇಪ್ಪತ್ತು ಕಚ್ಚು ಮಾಡಿ. ಕೆಂಪು ನೂಲು ಸುತ್ತಿ, ನಡುವಿನವರೆಗೆ ಇಪ್ಪತ್ತು ಕುಣಿಕೆಗಳನ್ನು ಇಳಿಬಿಟ್ಟು ನಿಲ್ಲಿಸಿ. ಅದು ಸೆರಗು. ಕೆಳಗಿನ ಅರ್ಧ ಖಾಲಿ ಇರಲಿ. ಹಾಗೆಯೇ ಅಂಚೆಯಲ್ಲಿ ಕಳುಹಿಸಿ. ಒಡಲನ್ನು ಆ ಊರಿನ ಮಕ್ಕಳು ತಮ್ಮ ಲೇಸಿನ ನೂಲಿನಿಂದ ಕೂಡಿಸಲಿ. ಹೇಗೆಂದು ಆ ಹುಡುಗಿಯೇ ತೋರಿಸುವಂತೆ ಅವಳ ಕೈಯ ವಿಡಿಯೊ ಮಾಡಿ, ಎರಡು ನಿಮಿಷ ಸಾಕು. ಮಾಸ್ತರು ಹೇಳಿದಂತೆಯೇ ಆಯಿತಲ್ಲ, ಆಚೆಯವರಿಲ್ಲದೆ ಇದೂ ಅರ್ಧಕ್ಕೇ ನಿಲ್ಲುತ್ತದೆ.

ಹತ್ತಿ ನೂಲೇ ಬಳಸಿ. ರೇಷ್ಮೆ ಜಾರುತ್ತದೆ, ಕಲಿಯುವ ಕೈಗೆ ಸಿಟ್ಟು ಬರುತ್ತದೆ.

ಉತ್ತರ: ಅಂಚೆಯವನು, ಬಾಗಲಕೋಟೆ

ರಟ್ಟು, ನೂಲು ಕಳುಹಿಸಲು ತೊಂದರೆಯಿಲ್ಲ. ಕಸ್ಟಮ್ಸ್ ನಮೂನೆಯಲ್ಲಿ "ಉಡುಗೊರೆ" ಎಂದಷ್ಟೇ ಬರೆಯದೆ "ಹತ್ತಿ ನೂಲು, ರಟ್ಟು, ಶಾಲಾ ಮಕ್ಕಳ ಕೆಲಸ" ಎಂದು ಇಂಗ್ಲಿಷಿನಲ್ಲಿ ಬಿಡಿಸಿ ಬರೆಯಿರಿ.

ಜೋಳದ ಆಸೆ ಬಿಡಿ. 2019ರ ಡಿಸೆಂಬರ್ 14ರಿಂದ ಯುರೋಪಿಯನ್ ಒಕ್ಕೂಟಕ್ಕೆ ಹೋಗುವ ಬೀಜಗಳಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕೇ ಬೇಕು. ಒಂದು ಮುಷ್ಟಿಯಾದರೂ ಅಷ್ಟೇ. ಜೋಳದ ರೊಟ್ಟಿ ತಟ್ಟುವ ವಿಡಿಯೊಕ್ಕೆ ಯಾವ ಪ್ರಮಾಣಪತ್ರವೂ ಬೇಡ. ಹಣವನ್ನಂತೂ ಮುಟ್ಟಬೇಡಿ. ವಿದೇಶದಿಂದ ಸಂಸ್ಥೆಗಳಿಗೆ ಬರುವ ದೇಣಿಗೆಗೆ 2010ರ ಕಾಯ್ದೆ ಇದೆ, ಐವತ್ತು ಯೂರೋಗಾಗಿ ಮುಖ್ಯ ಗುರುಗಳು ಕಚೇರಿ ಅಲೆಯುವಂತಾಗಬಾರದು. ಮಕ್ಕಳ ಮುಖದ ಚಿತ್ರ ಹಂಚಲು ಎರಡೂ ಕಡೆ ಪಾಲಕರ ಒಪ್ಪಿಗೆ ಬರೆಯಿಸಿಕೊಳ್ಳಿ. ಮೇಲೆ ಅಕ್ಕನವರು ಹೇಳಿದ ಹಾಗೆ ಕೈ ಮಾತ್ರ ತೋರಿಸುವುದು ಇನ್ನೂ ಸಲೀಸು.

ಹೊತ್ತಿನ ಬಗ್ಗೆ ಒಂದು ಮಾತು. ಚಳಿಗಾಲದಲ್ಲಿ ಅವರು ನಮಗಿಂತ ನಾಲ್ಕೂವರೆ ತಾಸು ಹಿಂದೆ. ಮಾರ್ಚ್ ಕೊನೆಯ ಭಾನುವಾರ ಗಡಿಯಾರ ಮುಂದೆ ತಿರುಗಿಸುತ್ತಾರೆ, ಅಲ್ಲಿಂದ ಅಕ್ಟೋಬರ್ ಕೊನೆಯ ಭಾನುವಾರದವರೆಗೆ ಮೂರೂವರೆ. ದುಬೈಯಲ್ಲಿ ಗಡಿಯಾರ ಮುಟ್ಟುವುದಿಲ್ಲ, ಆದ್ದರಿಂದ ನಮ್ಮ ಕಡೆಯವರಿಗೆ ಇದು ಹೊಳೆಯುವುದೇ ಇಲ್ಲ.

ಪ್ರಶ್ನೆ ಕೇಳಿದವರು

ಎಲ್ಲರ ಮಾತನ್ನೂ ಸಿಬ್ಬಂದಿ ಕೋಣೆಯಲ್ಲಿ ಓದಿ ಹೇಳಿದೆ. ಎರಡೂ ಮಾಡುತ್ತೇವೆ: ರಟ್ಟು ಜನವರಿಯಲ್ಲಿ ಅಂಚೆಗೆ, ಕೋಲು ಫೆಬ್ರುವರಿ ಕೊನೆಗೆ. ನೆರಳಿನ ದಿನ ವಿಡಿಯೊ ಕರೆ ಇಲ್ಲ. ನಮ್ಮ ನಡುಹಗಲಿನಲ್ಲಿ ಅವರಿಗೆ ಇನ್ನೂ ಬೆಳಗಿನ ಎಂಟು, ಅವರ ನಡುಹಗಲಿನಲ್ಲಿ ನಮ್ಮ ಶಾಲೆ ಬಿಟ್ಟಿರುತ್ತದೆ. ಅವರ ಅಂಕಿ ರಾತ್ರಿ ನನ್ನ ಮೊಬೈಲ್‌ಗೆ ಬರುತ್ತದೆ, ಬೆಳಿಗ್ಗೆ ಪ್ರಾರ್ಥನೆ ಮುಗಿಯುವವರೆಗೆ ಯಾರಿಗೂ ಹೇಳುವುದಿಲ್ಲ. ಮಾಸ್ತರೆ, ನಿಮ್ಮ 44, 137ನ್ನು ಮಕ್ಕಳಿಂದ ಬಚ್ಚಿಡುವುದೇ ಕಷ್ಟ. ಈ ಪುಟದ ವಿಳಾಸ ಅವರಿಗೆ ಸಿಗದಿರಲಿ.

ಮುಖ ಗಂಟು ಹಾಕಿದ್ದ ಹುಡುಗಿಗೆ ವಿಡಿಯೊ ವಿಷಯ ಹೇಳಿದೆ. "ಕೈಗೆ ಮದರಂಗಿ ಹಾಕಿಕೊಂಡು ಬರಲಾ?" ಎಂದು ಕೇಳಿದಳು.

ಒಂದೇ ಅಡಚಣೆ ಉಳಿದಿತ್ತು. ಮೇಲಿನ ತರಗತಿಯವರಿಗೆ 12.30ಕ್ಕೆ ಬಿಸಿಯೂಟದ ಗಂಟೆ, ತಟ್ಟೆ ಹಿಡಿದ ಸಾಲು ನಿಲ್ಲುವುದು ಅಂಗಳದ ನಟ್ಟನಡುವೆ. ಮುಖ್ಯ ಗುರುಗಳು ಅಡುಗೆಯವರೊಂದಿಗೆ ಮಾತನಾಡಿ ಅಂದು ಸಾಲನ್ನು ಬೇವಿನ ಮರದ ಕಡೆಗೆ ತಿರುಗಿಸಲು ಒಪ್ಪಿಸಿದ್ದಾರೆ. ಓಳಂಬಕ್ಕೆ ನಾಳೆ ಗೌಂಡಿಯವರನ್ನು ಕಾಣಬೇಕು.