ಆ ಮೂರು ಬಾರ್ ಯಾರದು?

ಅಕ್ಕ: ಜಾಝ್ ಆರ್ಗನ್ ವಾದಕ ರಾನಿ ಫಾಸ್ಟರ್ ಅವರ ‘ಟೂ ಹೆಡೆಡ್ ಫ್ರೀಪ್’ ಆಲ್ಬಮ್ಮಿನ ಕೊಂಡಿಯನ್ನು ನಮ್ಮ ಮನೆಯವರ ಈ ಗುಂಪಿನಲ್ಲಿ ಮೇಲೆ ಹಾಕಿದ್ದೇನೆ. ಇದು 1972ರ ಜನವರಿಯಲ್ಲಿ ನಮ್ಮ ನ್ಯೂಜೆರ್ಸಿಯ ಇಂಗಲ್‌ವುಡ್ ಕ್ಲಿಫ್ಸ್‌ನಲ್ಲಿ, ರೂಡಿ ವ್ಯಾನ್ ಗೆಲ್ಡರ್ ಅವರ ಸ್ಟುಡಿಯೋದಲ್ಲಿ ಧ್ವನಿಮುದ್ರಣಗೊಂಡು ಬ್ಲೂ ನೋಟ್ ಎಂಬ ಜಾಝ್ ಧ್ವನಿಮುದ್ರಿಕೆ ಸಂಸ್ಥೆಯಿಂದ ಹೊರಬಂದದ್ದು. ಆಗ ಫಾಸ್ಟರ್ ಅವರಿಗೆ ಇಪ್ಪತ್ತೊಂದೇ ವರ್ಷ. ಅದರಲ್ಲಿನ ‘ಮಿಸ್ಟಿಕ್ ಬ್ರ್ಯೂ’ ಅನ್ನು ದಯವಿಟ್ಟು ಎಲ್ಲರೂ ಪೂರ್ತಿ ಕೇಳಿ. ಎ ಟ್ರೈಬ್ ಕಾಲ್ಡ್ ಕ್ವೆಸ್ಟ್ ಎಂಬ ಹಿಪ್-ಹಾಪ್ ತಂಡ 1993ರಲ್ಲಿ ‘ಎಲೆಕ್ಟ್ರಿಕ್ ರಿಲ್ಯಾಕ್ಸೇಷನ್’ ಹಾಡನ್ನು ಕಟ್ಟಿದ್ದು ಇದರ ತುಣುಕಿನ ಮೇಲೆಯೇ.

ಮಾವ: ಎರಡನ್ನೂ ಕೇಳಿದೆನಮ್ಮ. ಫಾಸ್ಟರ್ ಅವರ ಹ್ಯಾಮಂಡ್ ಬಿ-3 ಎಂಬ ವಿದ್ಯುತ್ ಆರ್ಗನ್ ನುಡಿಸುವುದು ಸುಲಭದ ಮಾತಲ್ಲ. ಎರಡು ಕೀಲಿಮಣೆಗಳನ್ನು ಎರಡು ಕೈಗಳಿಂದ ನಿಭಾಯಿಸುತ್ತ, ಕಾಲ ಕೆಳಗಿನ ಪೆಡಲ್‌ಗಳನ್ನೂ ನೋಡಿಕೊಳ್ಳಬೇಕು. ಅಂಥ ವಿದ್ಯೆಯನ್ನು ವರ್ಷಗಟ್ಟಲೆ ಸಾಧಿಸಿದವರ ಸಂಗೀತದಿಂದ ಮೂರು ಬಾರ್, ಅಂದರೆ ತಾಳದ ಮೂರು ಸುತ್ತು, ಕತ್ತರಿಸಿ, ಅದನ್ನೇ ತಿರುಗಿಸಿ ತಿರುಗಿಸಿ ಹಾಕಿ, ಅದರ ಮೇಲೆ ಮಾತನಾಡಿದರೆ ಅದನ್ನು ಸೃಷ್ಟಿ ಎಂದು ಹೇಗೆ ಕರೆಯಲಿ? ಶ್ರಮ ಒಬ್ಬರದು, ಹೆಸರು ಇನ್ನೊಬ್ಬರದು.

ಅಕ್ಕ: ಮಾವ, ಆ ಮೂರು ಬಾರ್ ಎಂಬಲ್ಲೇ ಅವರ ಕಿವಿಯ ಸೂಕ್ಷ್ಮ ಇದೆ. ರ‍್ಯಾಪ್ ಹಾಡುಗಳ ಲೂಪ್, ಅಂದರೆ ತಿರುಗಿ ತಿರುಗಿ ಬರುವ ತುಣುಕು, ಸಾಮಾನ್ಯವಾಗಿ ಎರಡು ಅಥವಾ ನಾಲ್ಕು ಬಾರ್‌ಗಳದ್ದಾಗಿರುತ್ತದೆ, ಸಾಲುಗಳೂ ಆ ಲೆಕ್ಕಕ್ಕೇ ಹೊಂದಿಕೊಂಡಿರುತ್ತವೆ. ಇಲ್ಲಿ ಲೂಪ್ ಮೂರರಲ್ಲೇ ಮುಗಿದು ಮತ್ತೆ ಮೊದಲಾಗುವುದರಿಂದ, ತಂಡದ ಕ್ಯೂ-ಟಿಪ್ ಮತ್ತು ಫೈಫ್ ಒಬ್ಬರ ಮಾತನ್ನು ಇನ್ನೊಬ್ಬರು ಎತ್ತಿಕೊಂಡು ಮುಂದುವರಿಸುವಾಗ ಕೆಳಗಿನ ಸಂಗೀತ ಪ್ರತಿ ಸಲವೂ ಬೇರೆಯೇ ಜಾಗದಲ್ಲಿ ಬಂದು ಕೂಡುತ್ತದೆ. ಹಾಡು ಎಲ್ಲಿಯೂ ನಿಲ್ಲದೆ ತೇಲುತ್ತಿರುವಂತೆ ಕೇಳಿಸುವುದಕ್ಕೆ ಅದೇ ಕಾರಣ. ಇವರಿಗೆ ಜಾಝ್ ಗೊತ್ತಿರಲಿಲ್ಲ ಎಂದೂ ಭಾವಿಸಬೇಡಿ. ಈ ತಂಡದ 1991ರ ಆಲ್ಬಮ್ ‘ದ ಲೋ ಎಂಡ್ ಥಿಯರಿ’ಯಲ್ಲಿ ರಾನ್ ಕಾರ್ಟರ್ ಅಂಥ ಹಿರಿಯ ಬಾಸ್ ವಾದಕರೇ ಇವರಿಗಾಗಿ ಬಂದು ನುಡಿಸಿದ್ದಾರೆ.

ಚಿಕ್ಕಮ್ಮ: ಅಣ್ಣ, ಇವಳ ಮಾತಿನಲ್ಲೂ ನ್ಯಾಯವಿದೆ, ನಿನ್ನ ಮಾತಿನಲ್ಲೂ ಇದೆ, ಆದರೆ ಕಾನೂನು ಇಬ್ಬರ ಕಡೆಯೂ ಪೂರ್ತಿ ಇಲ್ಲ. ರ‍್ಯಾಪರ್ ಬಿಜ್ ಮಾರ್ಕಿ ಅವರು ಗಾಯಕ ಗಿಲ್ಬರ್ಟ್ ಓ’ಸುಲಿವನ್ ಅವರ ಹಾಡನ್ನು ಅನುಮತಿಯಿಲ್ಲದೆ ಬಳಸಿದ ಮೊಕದ್ದಮೆಯಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯ 1991ರ ಡಿಸೆಂಬರ್‌ನಲ್ಲಿ ತಡೆಯಾಜ್ಞೆ ಕೊಟ್ಟ ಮೇಲೆ, ಮೊದಲೇ ಅನುಮತಿ ಪಡೆಯುವುದು ಅಲ್ಲಿನ ದೊಡ್ಡ ಕಂಪನಿಗಳಿಗೆ ಅನಿವಾರ್ಯವಾಯಿತು. ಆದರೆ ಅನುಮತಿ ಬೇಕಾಗುವುದು ಎರಡು ಹಕ್ಕುಗಳಿಗೆ: ಒಂದು ರಚನೆಯದು, ಇನ್ನೊಂದು ಧ್ವನಿಮುದ್ರಣದ್ದು. ಇದೇ ತಂಡದ ‘ಕ್ಯಾನ್ ಐ ಕಿಕ್ ಇಟ್?’ ಹಾಡಿನ ಡ್ರಮ್ ನಡೆ ಬಂದದ್ದು ಇನ್ನೊಬ್ಬ ಆರ್ಗನ್ ವಾದಕ ಲಾನಿ ಸ್ಮಿತ್ ಅವರ 1970ರ ‘ಡ್ರೈವ್ಸ್’ ಆಲ್ಬಮ್ಮಿನ ‘ಸ್ಪಿನ್ನಿಂಗ್ ವೀಲ್’ನಿಂದ. ಅದನ್ನು ರಚಿಸಿದವರು ಡೇವಿಡ್ ಕ್ಲೇಟನ್-ಥಾಮಸ್, ಧ್ವನಿಮುದ್ರಿಕೆ ಬ್ಲೂ ನೋಟ್‌ನದು. ಜನ ಇಂದಿಗೂ ತಲೆದೂಗುವ ಆ ಪೆಟ್ಟು ಮಾತ್ರ ಡ್ರಮ್ ವಾದಕ ಜೋ ಡ್ಯೂಕ್ಸ್ ಅವರ ಕೈಯದು. ಈ ಎರಡು ಹಕ್ಕುಗಳಲ್ಲಿ ಅವರ ಕೈಗೆ ಜಾಗವೆಲ್ಲಿದೆ?

ಮಾವ: ನಾನು ಹೇಳುತ್ತಿರುವುದೂ ಅದನ್ನೇ.

ಅಕ್ಕ: ಅಲ್ಲ ಮಾವ, ಚಿಕ್ಕಮ್ಮ ಹೇಳುತ್ತಿರುವ ಅನ್ಯಾಯ ಹಿಪ್-ಹಾಪ್‌ನಿಂದ ಹುಟ್ಟಿದ್ದಲ್ಲ. ಕೂಲಿ ಕೊಟ್ಟು ನುಡಿಸಿಕೊಂಡು, ಹಕ್ಕನ್ನು ಕಂಪನಿಯೇ ಇಟ್ಟುಕೊಳ್ಳುವ ಪದ್ಧತಿ ಅದಕ್ಕೂ ಮೊದಲಿನದು. ‘ಮಿಸ್ಟಿಕ್ ಬ್ರ್ಯೂ’ ಆದರೋ ಫಾಸ್ಟರ್ ಅವರದೇ ರಚನೆ. 2003ರಲ್ಲಿ ಬ್ಲೂ ನೋಟ್ ತನ್ನ ಭಂಡಾರವನ್ನೇ ಹಿಪ್-ಹಾಪ್ ನಿರ್ಮಾಪಕ ಮ್ಯಾಡ್‌ಲಿಬ್ ಅವರಿಗೆ ತೆರೆದುಕೊಟ್ಟಾಗ ಅವರು ಇದನ್ನು ‘ಮಿಸ್ಟಿಕ್ ಬೌನ್ಸ್’ ಎಂದು ಹೊಸದಾಗಿ ಕಟ್ಟಿದರು. 2009ರಲ್ಲಿ ತಮಿಳು ಮೂಲದ ಪಿಯಾನೋ ವಾದಕ ವಿಜಯ್ ಅಯ್ಯರ್ ತಮ್ಮ ‘ಹಿಸ್ಟಾರಿಸಿಟಿ’ ಆಲ್ಬಮ್ಮಿನಲ್ಲಿ ಇದನ್ನು ಮೂವರ ಜಾಝ್ ಮೇಳಕ್ಕೆ ಅಳವಡಿಸಿದರು. 2013ರಲ್ಲಿ ರ‍್ಯಾಪರ್ ಜೆ. ಕೋಲ್ ತಮ್ಮ ‘ಫರ್ಬಿಡನ್ ಫ್ರೂಟ್’ ಹಾಡಿಗೆ ತೆಗೆದುಕೊಂಡರು. ಆ ತುಣುಕನ್ನು ಯಾರೂ ಎತ್ತಿಕೊಂಡಿರದಿದ್ದರೆ ನನ್ನಂಥವಳ ಕಿವಿಗೆ ಈ ಹೆಸರೇ ಬೀಳುತ್ತಿರಲಿಲ್ಲ.

ನಾನು: ಅಕ್ಕ, ನನಗೆ ಒಂದೇ ಬೇಸರ. ಎಂಟು ಹಾಡುಗಳ ಆಲ್ಬಮ್ಮಿನಲ್ಲಿ ಒಂದನ್ನು, ಆ ಒಂದರಲ್ಲೂ ಮೂರು ಬಾರ್‌ಗಳನ್ನು ಹಿಡಿದು ನಾವೆಲ್ಲ ಜಗಳವಾಡುತ್ತಿದ್ದೇವೆ. ಆರ್ಗನ್ ತ್ರಯಗಳಲ್ಲಿ, ಅಂದರೆ ಆರ್ಗನ್ ಮುಖ್ಯವಾಗಿರುವ ಮೂವರ ಮೇಳಗಳಲ್ಲಿ, ಬಾಸ್ ಅನ್ನೂ ಆರ್ಗನ್ ವಾದಕರೇ ಎಡಗೈ ಮತ್ತು ಕಾಲಿನಿಂದ ನುಡಿಸುವುದು ವಾಡಿಕೆ. ಇಲ್ಲಿ ಜಾರ್ಜ್ ಡುವಿವಿಯರ್, ಗಾರ್ಡನ್ ಎಡ್ವರ್ಡ್ಸ್ ಎಂಬ ಇಬ್ಬರು ಬಾಸ್ ವಾದಕರಿದ್ದಾರೆ. ಹಾಗಾಗಿ ಫಾಸ್ಟರ್ ಅವರ ಕೈಗಳು ರಾಗಕ್ಕೆ ಬಿಡುವಾಗಿವೆ. ಬಾಸ್‌ನ ನಡೆ ಆರ್ಗನ್ನಿನೊಳಗೆ ಕರಗದೆ ಬೇರೆಯಾಗಿ, ದುಂಡಗೆ ಕೇಳಿಸುತ್ತದೆ. ಲೂಪ್ ಮಾಡುವವರಿಗೆ ಅಷ್ಟು ಹಸನಾಗಿ ಒದಗಿಬಂದದ್ದು ಆ ಏರ್ಪಾಡು ಎಂದೇ ನನ್ನ ನಂಬಿಕೆ. ವೇಡ್ ಮಾರ್ಕಸ್ ಅವರ ವಾದ್ಯಸಂಯೋಜನೆಯಲ್ಲಿ ಹಾರ್ಪ್ ಕೂಡ ಇದೆ. ಅದಕ್ಕಾಗಿಯಾದರೂ ಆಲ್ಬಮ್ಮನ್ನು ಮೊದಲಿನಿಂದ ಕೇಳಬೇಕು. ಗಾಯಕ ಆಲ್ ಗ್ರೀನ್ ಅವರ ‘ಲೆಟ್ಸ್ ಸ್ಟೇ ಟುಗೆದರ್’ ಇಲ್ಲಿ ಮಾತಿಲ್ಲದೆಯೇ ಎಷ್ಟು ಚೆನ್ನಾಗಿ ಬಂದಿದೆ!

ಚಿಕ್ಕಮ್ಮ: ಹಾಗಾದರೆ ಆ ತುಣುಕಿನ ಅರ್ಧ ಗುಣ ಬಾಸ್ ವಾದಕರದು ಎಂದಾಯಿತು. ಕೊಂಡಿ ಹಾಕುವಾಗ ನುಡಿಸಿದ ಎಲ್ಲರ ಹೆಸರನ್ನೂ ಬರೆಯುವುದು ಕನಿಷ್ಠ ಮರ್ಯಾದೆ.

ಅಕ್ಕ: ಒಪ್ಪಿದೆ ಚಿಕ್ಕಮ್ಮ. ಆ ಇಬ್ಬರ ಜೊತೆಗೆ ಗಿಟಾರ್‌ನಲ್ಲಿ ಜೀನ್ ಬರ್ಟನ್‌ಚೀನಿ, ಡ್ರಮ್ಸ್‌ನಲ್ಲಿ ಜಿಮ್ಮಿ ಜಾನ್ಸನ್, ಕಾಂಗಾದಲ್ಲಿ ಆರ್ಥರ್ ಜೆಂಕಿನ್ಸ್, ವೈಬ್ರಫೋನ್‌ನಲ್ಲಿ ಜಾರ್ಜ್ ಡೆವನ್ಸ್, ಹಾರ್ಪ್‌ನಲ್ಲಿ ಯೂಜೀನ್ ಬಿಯಾಂಕೋ. ಫಾಸ್ಟರ್ ಅವರು 2022ರಲ್ಲಿ ‘ರೀಬೂಟ್’ ಆಲ್ಬಮ್ಮಿನೊಂದಿಗೆ ಬ್ಲೂ ನೋಟ್‌ಗೆ ಮರಳಿದ್ದಾರೆ ಮಾವ.

ಮಾವ: ಅದರ ಕೊಂಡಿಯನ್ನೂ ಹಾಕು, ಕೇಳುತ್ತೇನೆ. ಆಯ್ದುಕೊಂಡವರಿಗೆ ಒಳ್ಳೆಯ ಕಿವಿ ಇತ್ತು ಎಂಬುದನ್ನು ಒಪ್ಪುತ್ತೇನೆ. ಡ್ಯೂಕ್ಸ್ ಅವರ ಕೈಗೆ ಕಾನೂನಿನಲ್ಲಿ ಜಾಗವಿಲ್ಲದಿರುವುದು ಸರಿ ಎಂದು ಮಾತ್ರ ಒಪ್ಪಲಾರೆ.