ಪದಚರ್ಚೆ: 'ಫೀಲ್ಡ್ ಹ್ಯಾಂಡ್‌ಬಾಲ್', 'ಇಂಡೋರ್ ಹ್ಯಾಂಡ್‌ಬಾಲ್' – ಫಲಕಕ್ಕೆ ಕನ್ನಡ ಪದ ಬೇಕು (ತುರ್ತು)

ಶಿವಮೊಗ್ಗದಿಂದ:
ಪುರುಷರ ಅಂತರರಾಷ್ಟ್ರೀಯ ಹ್ಯಾಂಡ್‌ಬಾಲ್ ಇತಿಹಾಸದ ಫ್ಲೆಕ್ಸ್ ಇವತ್ತು ಸಂಜೆ ಪ್ರಿಂಟಿಗೆ ಹೋಗಬೇಕು. 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಆಡಿದ್ದು ಹೊರಗೆ, ಹುಲ್ಲಿನ ಮೇಲೆ, ತಂಡಕ್ಕೆ 11 ಜನ. ಫೈನಲ್‌ನಲ್ಲಿ ಜರ್ಮನಿ 10–6ರಿಂದ ಆಸ್ಟ್ರಿಯಾವನ್ನು ಸೋಲಿಸಿತು. 1972ರಲ್ಲಿ ಮ್ಯೂನಿಕ್‌ನಲ್ಲಿ ಆಟ ಒಲಿಂಪಿಕ್ಸ್‌ಗೆ ಮರಳಿದ್ದು ಸೂರಿನಡಿ, 7 ಜನರ ಆಟವಾಗಿ, ಗೆದ್ದದ್ದು ಯುಗೊಸ್ಲಾವಿಯಾ. 1938ರಲ್ಲಂತೂ ಜರ್ಮನಿಯಲ್ಲೇ ಎರಡು ವಿಶ್ವ ಚಾಂಪಿಯನ್‌ಷಿಪ್ ನಡೆದವು, ಒಳಗೊಂದು ಹೊರಗೊಂದು. ಎರಡನ್ನೂ ಗೆದ್ದದ್ದು ಜರ್ಮನಿಯೇ. ಪದ ಬೇರೆ ಬೇರೆ ಇರದಿದ್ದರೆ ಒಂದೇ ಸಾಲು ಎರಡು ಸಲ ಅಚ್ಚಾಗಿದೆ ಅಂದುಕೊಳ್ಳುತ್ತಾರೆ. 'ಒಳಾಂಗಣ', 'ಹೊರಾಂಗಣ' ನಡೆಯುತ್ತದೆಯೇ?

ತೀರ್ಥಹಳ್ಳಿಯಿಂದ:
ನಡೆಯುವುದಿಲ್ಲ. 'ಒಳ' ಕನ್ನಡ, 'ಅಂಗಣ' ಸಂಸ್ಕೃತ. ಲೋಪವಾಗಿ 'ಒಳಂಗಣ' ಆಗಬೇಕಾದಲ್ಲಿ ಸವರ್ಣದೀರ್ಘ ಎಲ್ಲಿಂದ ಬಂತು? ಅದೂ ಹೋಗಲಿ, ಅಂಗಣದ ತದ್ಭವ ಅಂಗಳ. ನಮ್ಮಲ್ಲಿ ಅಡಿಕೆ ಒಣಗಿಸುವ ಜಾಗ ಅದು, ಬಿಸಿಲು ಬೀಳದಿದ್ದರೆ ಅಂಗಳವೇ ಅಲ್ಲ. ಮಾಡಿನ ಕೆಳಗಿನ ಆಟಕ್ಕೆ ಆ ಪದ ಅರ್ಥಕ್ಕೇ ವಿರುದ್ಧ. 'ಒಳಾಂಗಣ ಕ್ರೀಡಾಂಗಣ' ಎಂದು ಬರೆಯುವವರಂತೂ ಅಂಗಣವನ್ನು ಎರಡು ಸಲ ತರುತ್ತಾರೆ. 'ಬಯಲು ಕೈಚೆಂಡು', 'ಸೂರಡಿ ಕೈಚೆಂಡು' ಎಂದು ಹಾಕಿ.

ಸಾಗರದಿಂದ:
'ಕೈಚೆಂಡು' ಬೇಡವೇ ಬೇಡ. ವಾಲಿಬಾಲ್, ಥ್ರೋಬಾಲ್ ಕೂಡ ಕೈಯಲ್ಲೇ ಆಡುವುದು. ಪತ್ರಿಕೆಯಲ್ಲಿ, ಶಾಲೆಗಳ ಪಂದ್ಯಾವಳಿಯಲ್ಲಿ, ಆಡುವ ಮಕ್ಕಳ ಬಾಯಲ್ಲಿ ಇರುವುದು ಹ್ಯಾಂಡ್‌ಬಾಲ್, ಅದನ್ನೇ ಬರೆಯಿರಿ.

ಪದಕ್ಕಿಂತ ಚಿತ್ರದಲ್ಲಿ ತಪ್ಪಾಗುವುದು ಹೆಚ್ಚು. 40×20 ಮೀಟರ್ ಅಂಕಣ, 3 ಮೀಟರ್ ಅಗಲ 2 ಮೀಟರ್ ಎತ್ತರದ ಗೋಲು, 6 ಮೀಟರಿನ ಗೆರೆ, 9 ಮೀಟರಿನ ತುಂಡು ಗೆರೆ, ಇವೆಲ್ಲ ಒಳಗಿನ ಆಟದವು. 1936ರ ಭಾಗಕ್ಕೆ ಈ ನಕ್ಷೆ ಹಾಕಬೇಡಿ. ಅದನ್ನು ಆಡಿದ್ದು ಫುಟ್‌ಬಾಲ್ ಮೈದಾನದಷ್ಟು ಜಾಗದಲ್ಲಿ. '7 ಮೀಟರ್ ಎಸೆತ'ವನ್ನು 'ಪೆನಾಲ್ಟಿ ಕಿಕ್' ಎಂದೂ ಬರೆಯಬೇಡಿ. ಗೋಲ್‌ಕೀಪರ್ ಬಿಟ್ಟು ಉಳಿದವರು ಮೊಣಕಾಲಿನ ಕೆಳಗೆ ಚೆಂಡು ತಾಗಿಸಿ ಆಡುವುದೇ ತಪ್ಪು, ಒದೆಯುವ ಮಾತೆಲ್ಲಿ? ಇನ್ನು ಇದು 'ವಿಶ್ವಕಪ್' ಅಲ್ಲ, ವಿಶ್ವ ಚಾಂಪಿಯನ್‌ಷಿಪ್.

ಹೊಸನಗರದಿಂದ:
'ಬಯಲು' ಅಂದರೆ ಈ ಕಡೆ ಗದ್ದೆಬಯಲೇ ಕಣ್ಣಿಗೆ ಬರುವುದು. 'ಮೈದಾನ ಹ್ಯಾಂಡ್‌ಬಾಲ್' ಮಾಡಿ.

ತೀರ್ಥಹಳ್ಳಿಯಿಂದ:
ಮೈದಾನ ಪಾರಸಿ. ಇಂಗ್ಲಿಷ್ ಸಾಲ ಸಾಲದು ಅಂತ ಅದೂ ಬೇಕೇ ಮಾರಾಯ್ರೆ? ಜರ್ಮನರು ತಮ್ಮ ನುಡಿಯಲ್ಲೇ ಹೆಸರಿಟ್ಟರು: ಹೊರಗಿನದು ಫೆಲ್ಡ್‌ಹಾಂಡ್‌ಬಾಲ್, ಒಳಗಿನದು ಹಾಲೆನ್‌ಹಾಂಡ್‌ಬಾಲ್. ಫೆಲ್ಡ್ ಎಂದರೆ ಹೊಲ, ಬಯಲು. ಗದ್ದೆಬಯಲು ಕಣ್ಣಿಗೆ ಬಂದರೆ ಅರ್ಥ ಸರಿಯಾಗಿಯೇ ಮುಟ್ಟಿತು.

ಹೊಸನಗರದಿಂದ:
ಸರ್ಕಾರ, ರಸ್ತೆ, ಕಾಗದ ಇವೂ ಪಾರಸಿಯಿಂದ ಬಂದವೇ. ಮೊದಲು ಅವನ್ನು ಬಿಟ್ಟು ಒಂದು ಅರ್ಜಿ ಬರೆದು ತೋರಿಸಿ. ಆ ಅರ್ಜಿಯೂ ಹೊರಗಿನಿಂದ ಬಂದದ್ದೇ.

ಸಾಗರದಿಂದ:
ಸಾಲದ ಜಗಳಕ್ಕೆ ಬೇರೆ ಎಳೆ ತೆಗೆಯಿರಿ. ಇವರಿಗೆ ಸಂಜೆಯೊಳಗೆ ಪದ ಬೇಕು. ಈಗ 'ಹ್ಯಾಂಡ್‌ಬಾಲ್' ಎಂದರೆ ಒಳಗಿನದೇ. ಬಯಲಿನ ಆಟದ ಪುರುಷರ ವಿಶ್ವ ಚಾಂಪಿಯನ್‌ಷಿಪ್ 1966ಕ್ಕೇ ಮುಗಿಯಿತು. ಹಾಗಾಗಿ ಆ ವರ್ಷದವರೆಗೆ ಪ್ರತಿ ನಮೂದಿಗೂ ಒಳ–ಹೊರ ಗುರುತು ಕೊಡಿ. ಆಮೇಲೆ 1972ರಲ್ಲಿ ಒಂದು ಸಲ ಸಾಕು. 1995ರ ಫ್ರಾನ್ಸ್, 2019ರಿಂದ 2025ರವರೆಗೆ ಸತತ ನಾಲ್ಕು ಸಲ ಗೆದ್ದ ಡೆನ್ಮಾರ್ಕ್, ಇಲ್ಲೆಲ್ಲ 'ಒಳಾಂಗಣ' ಸೇರಿಸಿದರೆ ಅಕ್ಷರ ಸಣ್ಣದಾಗುತ್ತದೆ, ಅಷ್ಟೆ.

ಶಿವಮೊಗ್ಗದಿಂದ:
'ಬಯಲು ಹ್ಯಾಂಡ್‌ಬಾಲ್ (11 ಜನ)', 'ಒಳಾಂಗಣ ಹ್ಯಾಂಡ್‌ಬಾಲ್ (7 ಜನ)' ಎಂದು ಕಳಿಸುತ್ತಿದ್ದೇನೆ. 1936ರ ಪಕ್ಕದ ಅಂಕಣದ ನಕ್ಷೆ ತೆಗೆಸಿದೆ.

ತೀರ್ಥಹಳ್ಳಿಯಿಂದ:
ಒಳಾಂಗಣವೇ ಆಗಬೇಕೆಂದರೆ ಆ ದೀರ್ಘವನ್ನಾದರೂ ತೆಗೆಸಿ. 'ಒಳಂಗಣ'.