ನಂದಿ ರಸ್ತೆ ಪಕ್ಕದ ಹೂತೋಟಕ್ಕೆ ಟಿಕೆಟ್ ಇಡಬೇಕು, ಹೇಗೆ?

ಪ್ರಶ್ನೆ:
ಚಿಕ್ಕಬಳ್ಳಾಪುರ ತಾಲ್ಲೂಕು, ನಂದಿ ಬೆಟ್ಟದ ರಸ್ತೆಗೆ ಅಂಟಿಕೊಂಡ ಒಂದು ಎಕರೆ. 30 ಗುಂಟೆ ಸೇವಂತಿಗೆ, 10 ಗುಂಟೆ ಚೆಂಡು ಹೂ, ಎಲ್ಲಾ ಡ್ರಿಪ್. ಮನೆಯವರದ್ದೇ ಕೆಲಸ. ಶನಿವಾರ, ಭಾನುವಾರ ಬೆಂಗಳೂರಿನವರು ಕಾರು ನಿಲ್ಲಿಸಿ ಫೋಟೊಗೆ ಒಳಗೆ ನುಗ್ಗುತ್ತಾರೆ, ಸಾಲು ತುಳಿಯುತ್ತಾರೆ. ಬೈದು ಕಳಿಸುವ ಬದಲು ಟಿಕೆಟ್ ಇಡೋಣ ಅಂತಿದ್ದೇವೆ. ಎಷ್ಟು ಜಾಗ ಬಿಡಬೇಕು, ಯಾವ ಹೂ ಹಾಕಬೇಕು? ಸಂಜೆಗೆ ಸೀರಿಯಲ್ ಸೆಟ್ ಹಾಕಬಹುದಾ?

ಉತ್ತರ 1:
ಸೀರಿಯಲ್ ಸೆಟ್ ಬೇಡವೇ ಬೇಡ. ಸೇವಂತಿಗೆ ಮೊಗ್ಗು ಕಟ್ಟುವುದು ರಾತ್ರಿ ಉದ್ದವಾದಾಗ ಮಾತ್ರ. ಹೂ ತಡವಾಗಿ ಬರಲಿ ಅಂತಲೇ ನಮ್ಮ ಕಡೆ ಗಿಡದ ಮೇಲೆ ರಾತ್ರಿ ಬಲ್ಬ್ ಉರಿಸುವುದುಂಟಲ್ಲ, ಅದೇ ಕೆಲಸವನ್ನು ನಿಮ್ಮ ಅಲಂಕಾರದ ದೀಪವೂ ಮಾಡುತ್ತದೆ. ದೀಪದ ಹತ್ತಿರದ ಸಾಲು ಎಲೆ ಬಿಡುತ್ತಲೇ ಇರುತ್ತದೆ, ದೂರದ್ದು ಅರಳುತ್ತದೆ. ಕೊಯ್ಲು ಒಟ್ಟಿಗೆ ಸಿಗುವುದಿಲ್ಲ. ಗೇಟನ್ನು ಸೂರ್ಯ ಮುಳುಗುವಷ್ಟರಲ್ಲಿ ಮುಚ್ಚಿ.

ಉತ್ತರ 2:
ಮಾರುವ ಹೂವಿನೊಳಗೆ ಜನರನ್ನು ಬಿಡಬೇಡಿ ಅಣ್ಣ. ರಸ್ತೆ ಕಡೆ 6 ಗುಂಟೆ ಬೇರೆ ಮಾಡಿ, ನಡುವೆ ಬೇಲಿ ಹಾಕಿ. ಅಲ್ಲಿ ಸೂರ್ಯಕಾಂತಿ ಹಾಕಿ. ಬಿತ್ತಿದ 55-60 ದಿನಕ್ಕೆ ಅರಳುತ್ತದೆ, ಫೋಟೊಗೆ ಚೆನ್ನಾಗಿರುವುದು ಒಂದು ವಾರ, ಹೆಚ್ಚೆಂದರೆ ಹತ್ತು ದಿನ. ಒಂದೇ ಸಲ ಬಿತ್ತಿದರೆ ಎರಡು ಭಾನುವಾರಕ್ಕೆ ಆಟ ಮುಗಿಯಿತು. ಆರು ತುಂಡು ಮಾಡಿ, ಹತ್ತು ದಿನಕ್ಕೊಂದು ತುಂಡು ಬಿತ್ತಿ. ಒಂದೂವರೆ ಅಡಿಗೆ ಒಂದು ಅಡಿ ಅಂತರ ಕೊಟ್ಟರೆ ದಾರಿ ಕಳೆದು ಗುಂಟೆಗೆ ಸುಮಾರು 500 ಗಿಡ ಕೂರುತ್ತವೆ.

ಇನ್ನೊಂದು ಮಾತು. ಪೂರ್ತಿ ಅರಳಿದ ಸೂರ್ಯಕಾಂತಿ ಸೂರ್ಯನ ಹಿಂದೆ ತಿರುಗುವುದಿಲ್ಲ, ಪೂರ್ವಕ್ಕೆ ಮುಖ ಮಾಡಿ ನಿಂತುಬಿಡುತ್ತದೆ. ಹಾಗಾಗಿ ಜನ ನಿಲ್ಲುವ ದಾರಿ ಪ್ರತಿ ತುಂಡಿನ ಪೂರ್ವಕ್ಕೆ ಇರಲಿ. ಪಶ್ಚಿಮಕ್ಕಿಟ್ಟರೆ ಕಾಣುವುದು ಬರೀ ಹೂವಿನ ಬೆನ್ನು. ದಾರಿ 4 ಅಡಿ ಬಿಡಿ, ಅಡ್ಡ ಹೋಗುವ ಮೇನ್ ಪೈಪನ್ನು ಒಂದು ಅಡಿ ಹೂಳಿ, ಲ್ಯಾಟರಲ್ (ಸಾಲಿಗೆ ನೀರು ಹನಿಸುವ ಸಣ್ಣ ಪೈಪು) ದಾರಿಯಂಚಿಗೇ ಎಂಡ್ ಕ್ಯಾಪ್ ಹಾಕಿ ನಿಲ್ಲಿಸಿ. ತುಳಿದರೆ ಕನೆಕ್ಟರ್ ಕಿತ್ತು ಬರುತ್ತದೆ, ಆ ಸಾಲು ಒಣಗಿದಾಗಲೇ ನಿಮಗೆ ಗೊತ್ತಾಗುವುದು. ನಮ್ಮ ಕೆಂಪು ಮಣ್ಣು ಮಳೆ ಬಿದ್ದರೆ ಜಾರುತ್ತದೆ, ದಾರಿಗೆ ಎಂ ಸ್ಯಾಂಡ್ ಹರಡಿ. ಕಾಳು ಕಟ್ಟುವ ಹೊತ್ತಿಗೆ ಗಿಳಿ ಬರುತ್ತವೆ. ಹೂ ಬಾಗಿದ ತುಂಡನ್ನು ಕೂಡಲೇ ಕತ್ತರಿಸಿ ದನಕ್ಕೆ ಹಾಕಿ, ಮುಂದಿನ ಬಿತ್ತನೆಗೆ ಜಾಗ ಸಿಗುತ್ತದೆ.

ಉತ್ತರ 3:
ಔಷಧಿ ವಿಚಾರ ಯಾರೂ ಹೇಳಲಿಲ್ಲ, ಮುಖ್ಯವಾದದ್ದೇ ಅದು. ಮಕ್ಕಳು ಹೂ ಮುಟ್ಟಿದ ಕೈಯಲ್ಲೇ ಚಿಪ್ಸ್ ತಿನ್ನುತ್ತಾರೆ. ಸಿಂಪರಣೆ ಸೋಮವಾರ ಸಂಜೆಗೆ ಇಟ್ಟುಕೊಳ್ಳಿ, ಆಗ ಜೇನೂ ಗೂಡು ಸೇರಿರುತ್ತದೆ. ಡಬ್ಬಿಯ ಮೇಲೆ ಕೆಂಪು ತ್ರಿಕೋನ (ಕಡು ವಿಷದ ಗುರುತು) ಇರುವ ಔಷಧಿಯನ್ನು ಆ 6 ಗುಂಟೆಗೆ ಹೊಡೆಯಲೇಬೇಡಿ. ಪಕ್ಕದ ಸೇವಂತಿಗೆಗೆ ಹೊಡೆದದ್ದೂ ಗಾಳಿಗೆ ಹಾರಿ ಬರುತ್ತದೆ, ಬೇಲಿ ಪಕ್ಕದ ಎರಡು ಸಾಲು ಬಿಟ್ಟು ಹೊಡೆಯಿರಿ. ಕೈ ತೊಳೆಯಲು ನಲ್ಲಿ, ಹೆಂಗಸರಿಗೆ ಬಾಗಿಲು ಭದ್ರವಾಗಿರುವ ಶೌಚಾಲಯ, ಕಾರು ರಸ್ತೆಗೆ ಚಾಚದಂತೆ ಜಾಗ, ಈ ಮೂರಿಲ್ಲದೆ ಟಿಕೆಟ್ ಇಡಬೇಡಿ.

ಹೂ ಕೀಳುವವರನ್ನು ತಡೆಯುತ್ತಾ ಕೂರುವುದು ಆಗದ ಕೆಲಸ. ಟಿಕೆಟ್ ಜೊತೆ ಒಂದು ಹಿಡಿ ಚೆಂಡು ಹೂ ಕೊಡಿ, ಗೇಟಿನ ಹತ್ತಿರ ಕಟ್ಟಿದ ಸೇವಂತಿಗೆಯನ್ನು ಮಾರಿನ ಲೆಕ್ಕದಲ್ಲಿ ಮಾರಿ.

ಪ್ರಶ್ನೆ ಕೇಳಿದವರು:
ದಸರಾ ಟೈಮಲ್ಲಿ ಕೊಯ್ಲು, ಜನ ಎರಡೂ ಒಟ್ಟಿಗೆ ಬಂದರೆ?

ಉತ್ತರ 2:
ಆಯುಧ ಪೂಜೆಗೆ ಮುಂಚಿನ ನಾಲ್ಕು ದಿನ ಗೇಟು ಮುಚ್ಚಿ, ಬೋರ್ಡನ್ನು ಹಿಂದಿನ ಭಾನುವಾರವೇ ತೂಗುಹಾಕಿ. ಮನೆಯವರಷ್ಟೇ ಇದ್ದೀರಿ, ಆ ನಾಲ್ಕು ದಿನದ ಹೂವಿನ ರೇಟು ಟಿಕೆಟ್ಟಿನಲ್ಲಿ ಹುಟ್ಟುವುದಿಲ್ಲ.